ಹಿಮ ಬಿದ್ದ ದೋಣಿಕಟ್ಟೆ: ಗೋಗ್ಯಾನ್ 1875ರಲ್ಲಿ ಬರೆದ ಈ ಚಿತ್ರ ನಿಮಗೆ ಹೇಗನಿಸುತ್ತದೆ?

ದಡದ_ಮನೆ

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ಪ್ಯಾರಿಸ್ ಹತ್ತಿರ ಬಂದು ಎರಡು ಚಳಿಗಾಲ ಆಯಿತು. ಚಿತ್ರಕಲೆ ಓದಿದವಳಲ್ಲ, ಆದರೆ ನೋಡೋದು ಅಂದರೆ ತುಂಬಾ ಇಷ್ಟ. ಒಂದು ವಾರದಿಂದ ಒಂದೇ ಚಿತ್ರ ತಲೆಯಲ್ಲಿ ಕೂತಿದೆ.

ಹೆಸರು ‘ಇಯೆನಾ ಸೇತುವೆಯ ಬಳಿ ಸೇನ್ ನದಿ, ಹಿಮದ ಹವೆ’. ಬರೆದವನು ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್, 1875ರಲ್ಲಿ. ಈಗ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿದೆ. ತುಂಬಾ ದೊಡ್ಡದೇನಲ್ಲ, 65 ಸೆಂ.ಮೀ. ಎತ್ತರ, 92.5 ಸೆಂ.ಮೀ. ಅಗಲ. ನಾನು ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೋಡಿ, ಆಮೇಲೆ ಒಂದು ಪ್ರಿಂಟ್ ತರಿಸಿ ಅಡುಗೆಮನೆ ಕಿಟಕಿ ಪಕ್ಕ ಅಂಟಿಸಿದ್ದೇನೆ.

ಚಿತ್ರದಲ್ಲಿ ಹೇಳಿಕೊಳ್ಳುವಂಥ ಘಟನೆ ಏನೂ ಇಲ್ಲ. ಹಿಮ ಮುಚ್ಚಿದ ನದಿದಂಡೆ. ದಂಡೆಗೆ ತಂದು ನಿಲ್ಲಿಸಿದ ದೋಣಿಗಳು. ಬೂದು ಬಣ್ಣದ ನೀರು. ದೂರದಲ್ಲಿ ಸೇತುವೆ. ಆಕಾಶಕ್ಕೆ ಧಾರಾಳವಾಗಿ ಜಾಗ ಬಿಟ್ಟಿದ್ದಾನೆ, ಅಲ್ಲಿ ತುಂಬಾ ಮೋಡ. ಅಷ್ಟೇ.

ಮೊದಲ ಸಲ ನೋಡಿದಾಗ ನಾನು ಹುಡುಕಿದ್ದು ಐಫೆಲ್ ಗೋಪುರವನ್ನು. ಇಯೆನಾ ಸೇತುವೆ ಅಂದರೆ ಗೋಪುರದ ಕಾಲಬುಡದಲ್ಲೇ ಇರೋ ಸೇತುವೆ ಅಲ್ವಾ. ಚಿತ್ರದಲ್ಲಿ ಅದು ಇಲ್ಲ! ಆಮೇಲೆ ಹೊಳೆಯಿತು, ಗೋಪುರ ಎದ್ದದ್ದು 1889ರಲ್ಲಿ. ಅದಕ್ಕೆ ಇನ್ನೂ 14 ವರ್ಷ ಇತ್ತು. ಎದುರಿನ ಗುಡ್ಡದ ಮೇಲೆ ಆಮೇಲೆ ಬಂದ ಟ್ರೊಕಾಡೆರೊ ಅರಮನೆಯೂ ಇರಲಿಲ್ಲ, ಅದು 1878ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು. ಈಗ ಜಗತ್ತಿನವರೆಲ್ಲ ಫೋಟೊ ಹಿಡಿಯೋ ಜಾಗ ಆಗ ಸುಮ್ನೆ ದೋಣಿ ಕಟ್ಟೋ ದಂಡೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ನನ್ನ ಪ್ರಶ್ನೆ ಇಷ್ಟು. ಗೋಗ್ಯಾನ್ ಅಂದರೆ ನಮಗೆಲ್ಲ ನೆನಪಾಗೋದು ಅವನು ಆಮೇಲೆ ಹೋಗಿ ಬರೆದ ಪೆಸಿಫಿಕ್ ದ್ವೀಪ ತಹೀತಿ, ಹಳದಿ, ಕೆಂಪು, ದಟ್ಟ ಹಸಿರು. ಈ ಚಿತ್ರ ಪೂರ್ತಿ ಬೂದು. ನನ್ನ ಸ್ನೇಹಿತೆ ಒಬ್ಬಳು ನೋಡಿದ ಕೂಡಲೇ “ಸಪ್ಪೆ” ಅಂದುಬಿಟ್ಟಳು. ಇದು ಇನ್ನೂ ಕೈ ಪಳಗದವನ ಸಪ್ಪೆತನವಾ? ಅಥವಾ ಬೇಕಂತಲೇ ಹಾಗೆ ಬರೆದದ್ದಾ? ಬಲ್ಲವರು ಹೇಳಿ.

ಲೆಕ್ಕದ_ಪುಸ್ತಕ

ಈ ಚಿತ್ರ ನನಗೆ ಗೊತ್ತು, ನನ್ನ ಮಟ್ಟಿಗೆ ತುಂಬಾ ಹತ್ತಿರದ ಚಿತ್ರ. ಯಾಕಂದರೆ ಆಗ ಗೋಗ್ಯಾನ್ ಚಿತ್ರಕಾರ ಅಲ್ಲವೇ ಅಲ್ಲ. ಪ್ಯಾರಿಸ್ ಶೇರುಪೇಟೆಯಲ್ಲಿ ಒಂದು ದಲ್ಲಾಳಿ ಕಚೇರಿಯ ನೌಕರ. 1871ರಲ್ಲಿ ಹಡಗಿನ ಕೆಲಸ ಬಿಟ್ಟು ಬಂದಾಗ ಗುಸ್ತಾವ್ ಅರೋಸಾ ಅನ್ನುವವರು, ತಾಯಿ ತೀರಿಕೊಂಡ ಮೇಲೆ ಇವನ ಹೊಣೆ ಹೊತ್ತವರು, ಆ ಕೆಲಸ ಕೊಡಿಸಿದ್ದರು. ಅರೋಸಾ ಮನೆಯ ಗೋಡೆ ತುಂಬ ಒಳ್ಳೊಳ್ಳೆ ಚಿತ್ರಗಳಿದ್ದವು. ಹುಡುಗನ ಕಣ್ಣು ತೆರೆದದ್ದು ಅಲ್ಲಿ.

1873ರಲ್ಲಿ ಡೆನ್ಮಾರ್ಕಿನ ಮೆಟ್ಟೆ ಗಾಡ್ ಜೊತೆ ಮದುವೆ. 1874ರ ಆಗಸ್ಟಿನಲ್ಲಿ ಮೊದಲ ಮಗ ಎಮಿಲ್. ಅಂದರೆ ಈ ಹಿಮದ ಚಿತ್ರ ಬರೆಯೋವಾಗ ಮನೆಯಲ್ಲಿ ಕೂಸು ಇದೆ. ವಾರವಿಡೀ ಕಚೇರಿ. ಬಿಡುವಿನ ದಿನ ಬಣ್ಣದ ಪೆಟ್ಟಿಗೆ.

ನಾನೂ ಬ್ಯಾಂಕಿನಲ್ಲಿ 19 ವರ್ಷದಿಂದ ಇದ್ದೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಜಲವರ್ಣದಲ್ಲಿ ಏನಾದರೂ ಬಿಡಿಸುತ್ತೇನೆ. ಹತ್ತು ಗಂಟೆ ಅನ್ನೋ ಹೊತ್ತಿಗೆ ತರಕಾರಿ ಚೀಲ ಕೈಗೆ ಬರುತ್ತದೆ. ಆ ನಾಲ್ಕು ಗಂಟೆಯ ಬೆಲೆ ಏನು ಅಂತ ನನಗೆ ಗೊತ್ತು. 26-27ರ ಹುಡುಗ ರಜೆಯ ದಿನ ಬೆಚ್ಚಗೆ ಮಲಗೋದು ಬಿಟ್ಟು ನದಿದಂಡೆಯ ಹಿಮವನ್ನು ನೋಡುತ್ತಾ ನಿಂತ ಅಂದರೆ, ಆ ಚಿತ್ರವನ್ನು ನಾನು ಸಪ್ಪೆ ಅನ್ನಲಾರೆ.

ಮಂಗಳೂರು_ಧಕ್ಕೆ

ಒಂದು ಸಂದೇಹ. ಇದು ನದಿ ಅಲ್ವಾ? ಶೀರ್ಷಿಕೆಯಲ್ಲಿ ದೋಣಿಕಟ್ಟೆ ಅಂತ ಹೇಗೆ? ನಮ್ಮೂರಲ್ಲಿ ದೋಣಿ ತಂದು ನಿಲ್ಲಿಸಿ ಮೀನು ಇಳಿಸೋ ಜಾಗಕ್ಕೆ ಧಕ್ಕೆ ಅಂತೀವಿ. ಆ ಥರದ್ದಾ?

ದಡದ_ಮನೆ

ಹೌದು, ಅದೇ ಥರ. ಧಕ್ಕೆ ಅನ್ನೋ ಮಾತೇ ಸರಿ. ಪ್ಯಾರಿಸ್‌ನಲ್ಲಿ ನದಿದಂಡೆಯ ಇಂಥ ಕಟ್ಟೆಗಳಿಗೂ ಬಂದರಿಗೆ ಹೇಳುವ ‘ಪೋರ್’ ಅನ್ನೋ ಹೆಸರೇ ಇದೆ. ಇಯೆನಾ ಸೇತುವೆ ಹತ್ತಿರ ಈಗಲೂ ಇರೋದು ಪೋರ್ ದ ಲಾ ಬೂರ್ದೊನೆ. ಈಗ ಅಲ್ಲಿ ಪ್ರವಾಸಿಗರನ್ನು ಸುತ್ತಾಡಿಸೋ ದೊಡ್ಡ ಗಾಜಿನ ದೋಣಿಗಳು ನಿಲ್ಲುತ್ತವೆ. ಆಗ ಸಾಮಾನು ಸಾಗಿಸೋ ದೋಣಿಗಳು ನದಿ ತುಂಬ ಓಡಾಡುತ್ತಿದ್ದವು.

ಮಂಗಳೂರು_ಧಕ್ಕೆ

ಥ್ಯಾಂಕ್ಸ್ ಅಕ್ಕ. ಹಾಗಾದರೆ ಒಂದು ವಿಷಯ ಸೇರಿಸುತ್ತೇನೆ. ಈತ 17ನೇ ವಯಸ್ಸಿಗೆ, 1865ರಲ್ಲಿ, ವ್ಯಾಪಾರಿ ಹಡಗು ಸೇರಿದವನು. ಮೂರು ವರ್ಷದ ಮೇಲೆ ಫ್ರೆಂಚ್ ನೌಕಾಪಡೆ. 1871ರವರೆಗೆ ನೀರಿನ ಮೇಲೇ ಇದ್ದ. ತಾಯಿ 1867ರ ಜುಲೈನಲ್ಲಿ ತೀರಿಕೊಂಡರು. ಇವನಿಗೆ ಸುದ್ದಿ ಗೊತ್ತಾದದ್ದು ತಿಂಗಳುಗಳ ನಂತರ, ಮಾರಿ ಅನ್ನೋ ಅಕ್ಕ ಬರೆದ ಕಾಗದ ಹಡಗಿನ ಬೆನ್ನು ಹತ್ತಿ ಬಂದು ಭಾರತದಲ್ಲಿ ಕೈ ಸೇರಿದಾಗ. ನಮ್ಮ ನೆಲದ ಮೇಲೆ ನಿಂತು ಆ ಹುಡುಗ ತಾಯಿ ಸತ್ತ ಕಾಗದ ಓದಿದ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಪ್ಪ ಹಡಗಿನಲ್ಲಿದ್ದಾಗ ಅಜ್ಜಿ ಹೋದದ್ದು, ಅಪ್ಪನಿಗೆ ಗೊತ್ತಾಗೋ ಹೊತ್ತಿಗೆ ಹದಿಮೂರನೇ ದಿನವೂ ಮುಗಿದಿತ್ತು.

ಅಂಥವನು ಪ್ಯಾರಿಸ್‌ನಲ್ಲಿ ಮೇಜಿನ ಮುಂದೆ ಕೂತು ಲೆಕ್ಕ ಬರೆಯೋ ಕಾಲದಲ್ಲಿ ಎದುರಿಗೆ ಕಂಡದ್ದು ಕಟ್ಟಿ ಹಾಕಿದ ದೋಣಿಗಳು. ನೀರಿನ ಮೇಲೆ ದುಡಿದವರಿಗೆ ಧಕ್ಕೆ ಕಂಡರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಚಿತ್ರ ಹುಟ್ಟಿದ್ದು ಅಲ್ಲಿಂದ ಅಂತ ನನ್ನ ನಂಬಿಕೆ.

ಅಮ್ಮನ_ಮಗಳು

ನಾನು ಹಿಮದ ಬಗ್ಗೆ ಮಾತಾಡ್ತೀನಿ. ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಒರ್ಸೆಗೆ ಹೋಗಿದ್ದೆ. ಅಲ್ಲಿ ಫ್ರೆಂಚ್ ಚಿತ್ರಕಾರ ಮೊನೆಯ ‘ಮ್ಯಾಗ್‌ಪೈ’ ಇದೆಯಲ್ಲ, ಬೇಲಿಯ ಗೇಟಿನ ಮೇಲೆ ಒಂದು ಕಪ್ಪು ಹಕ್ಕಿ ಕೂತಿರೋ ಹಿಮದ ಚಿತ್ರ, ಅದರ ಮುಂದೆ ಅಮ್ಮ ನಿಂತವರು ನಿಂತೇಬಿಟ್ಟರು. ನನಗೆ ಅವರು ಕಾಲು ನೋವಿಗೆ ನಿಂತಿದ್ದಾರೆ ಅನ್ನಿಸಿತ್ತು. ಅವರು ಕೇಳಿದ್ದು: “ಇದಕ್ಕೆ ನೀಲಿ ಹಾಕಿದ್ದಾನಲ್ಲೇ?”

ನೀಲಿ ಅಂದರೆ ಬಟ್ಟೆಗೆ ಹಾಕೋ ನೀಲಿ! ನಮ್ಮ ಮನೆಯಲ್ಲಿ ಅಪ್ಪನ ಪಂಚೆ, ಶಾಲೆಯ ಶನಿವಾರದ ಬಿಳಿ ಯೂನಿಫಾರಂ ಎಲ್ಲ ಕೊನೆಯ ನೀರಿನಲ್ಲಿ ನಾಲ್ಕು ತೊಟ್ಟು ನೀಲಿ ಕಂಡೇ ಹಗ್ಗಕ್ಕೆ ಹೋಗುತ್ತಿದ್ದವು. ತೊಟ್ಟು ಜಾಸ್ತಿಯಾದರೆ ಬಟ್ಟೆ ಮಚ್ಚೆ ಮಚ್ಚೆ. ಕಡಿಮೆಯಾದರೆ ಹಳದಿ ಮಾಸಲು. ಗೋಡೆಗೆ ಬಳಿಯೋ ಸುಣ್ಣಕ್ಕೂ ಅಜ್ಜಿ ಒಂದು ಚಿಟಿಕೆ ನೀಲಿ ಹಾಕಿಸುತ್ತಿದ್ದರು. ಬಿಳಿ ಬೆಳ್ಳಗೆ ಕಾಣಬೇಕಾದರೆ ನೀಲಿ ಬೇಕು, ಇದು ಅಮ್ಮನಿಗೆ 50 ವರ್ಷದ ಪಾಠ. ಬೇಲಿಯ ನೆರಳನ್ನು ಕೈ ತೋರಿಸಿ, “ನೋಡು, ಇಲ್ಲಿ ನೀಲಿ ಇದೆ, ಅದಕ್ಕೇ ಅಲ್ಲಿ ಅಷ್ಟು ಬಿಳಿ” ಅಂದರು. ಆ ಚಿತ್ರದ ಬಗ್ಗೆ ನಾನು ಓದಿದ ಎಲ್ಲದಕ್ಕಿಂತ ಈ ಒಂದು ಮಾತು ನನಗೆ ಜಾಸ್ತಿ ಹೇಳಿತು.

ಗೋಗ್ಯಾನ್ ಚಿತ್ರದ ಹಿಮದಲ್ಲಿ ಆ ನೀಲಿ ನನಗೆ ಕಾಣಲಿಲ್ಲ. ಅದಕ್ಕೇ ಸ್ವಲ್ಪ ಮಂಕು ಅನಿಸುತ್ತದೆ. ಬೇಜಾರು ಮಾಡ್ಕೋಬೇಡಿ.

ಕುಂಚ_ಮೇಷ್ಟ್ರು

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ, ಅಮ್ಮ. 31 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ್ದೇನೆ. ಬಿಳಿಯ ಬಗ್ಗೆ ಇಷ್ಟು ಸ್ಪಷ್ಟವಾಗಿ ನಾನೂ ಮಕ್ಕಳಿಗೆ ಹೇಳಲಿಲ್ಲ.

ಆದರೆ ಗೋಗ್ಯಾನ್ ಚಿತ್ರಕ್ಕೆ ನೀಲಿ ಯಾಕಿಲ್ಲ ಅನ್ನೋದಕ್ಕೆ ಕಾರಣ ಅದರ ಹೆಸರಿನಲ್ಲೇ ಇದೆ. ‘ಹಿಮದ ಹವೆ’. ಮ್ಯಾಗ್‌ಪೈ ಬಿಸಿಲಿನ ಚಿತ್ರ. ಬಿಸಿಲು ಬಿದ್ದ ಹಿಮ ಸ್ವಲ್ಪ ಹಳದಿ, ಕೆನೆ. ನೆರಳಿಗೆ ಸೂರ್ಯನ ಬೆಳಕು ಮುಟ್ಟುವುದಿಲ್ಲ, ಅಲ್ಲಿಗೆ ತಲುಪೋದು ನೀಲಿ ಆಕಾಶದ ಬೆಳಕು ಮಾತ್ರ. ಹಿಮ ತನ್ನ ಮೇಲೆ ಬಿದ್ದದ್ದನ್ನೆಲ್ಲ ಹಾಗೇ ಹಿಂದಿರುಗಿಸುತ್ತದೆ. ಆದ್ದರಿಂದ ನೆರಳು ನೀಲಿ. ಇದನ್ನು ಪರೀಕ್ಷೆ ಮಾಡಲು ಹಿಮವೇ ಬೇಕಿಲ್ಲ. ಆಕಾಶ ತಿಳಿಯಾಗಿದ್ದ ದಿನ ಸಂಜೆ ನಾಲ್ಕೂವರೆಗೆ ಹಗ್ಗದ ಮೇಲಿನ ಬಿಳಿ ಪಂಚೆಯ ಮಡಿಕೆಗಳನ್ನು ನೋಡಿ. ಬಿಸಿಲು ಬಿದ್ದ ಮಡಿಕೆ ಬೆಣ್ಣೆಯ ಹಾಗೆ. ಒಳ ಮಡಿಕೆ ನೀಲಿ.

ಮೋಡ ಮುಚ್ಚಿದ ದಿನ ಇದ್ಯಾವುದೂ ನಡೆಯುವುದಿಲ್ಲ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ನೆರಳೇ ಇಲ್ಲ. ಹಿಮದ ಬಣ್ಣ ಅಂದರೆ ಮೋಡದ ಬಣ್ಣ. ಗೋಗ್ಯಾನ್ ನಿಂತದ್ದು ಅಂಥ ದಿನ. ಅವನು ಅಲ್ಲಿ ನೀಲಿ ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು.

ಬರೆಯೋ ಕೈಗೆ ಇದು ಜಾಸ್ತಿ ಕಷ್ಟದ ಕೆಲಸ. ಬಿಸಿಲಿದ್ದರೆ ಬೆಳಕು ನೆರಳು ತಾವೇ ಚಿತ್ರ ಕಟ್ಟಿಕೊಡುತ್ತವೆ. ಮೋಡದ ದಿನ ಬಿಳಿಗೂ ಬೂದಿಗೂ ನಡುವೆ ಏಳೆಂಟು ಮೆಟ್ಟಿಲು ನಾವೇ ಕಟ್ಟಬೇಕು. ಹಿಮ ಒಂದು ಬೂದು, ನೀರು ಇನ್ನೊಂದು, ಆಕಾಶ ಮತ್ತೊಂದು. ಒಂದು ಮೆಟ್ಟಿಲು ತಪ್ಪಿದರೆ ದಂಡೆ ಹೋಗಿ ನೀರಿನಲ್ಲಿ ಬೀಳುತ್ತದೆ. ಎಣ್ಣೆಬಣ್ಣದಲ್ಲಿ ಆಗಿನವರು ಬಳಸುತ್ತಿದ್ದ ಮುಖ್ಯ ಬಿಳಿ ಸೀಸದ ಬಿಳಿ, ಅದಕ್ಕೆ ಒಂದು ಬೆಚ್ಚಗಿನ ಗುಣ ಇದೆ. ಈಗ ನಾವು ಟ್ಯೂಬಿನಿಂದ ಹಿಂಡೋ ಟೈಟಾನಿಯಂ ಬಿಳಿ ಬಂದದ್ದು 20ನೇ ಶತಮಾನದಲ್ಲಿ, ಅದು ಸುಣ್ಣದ ಹಾಗೆ ಚಳಿ ಬಿಳಿ.

ಇನ್ನು ಕೈ ಪಳಗಿತ್ತಾ ಅನ್ನೋದು. ಪೂರ್ತಿ ಪಳಗಿರಲಿಲ್ಲ, ನಿಜ. ಇದರಲ್ಲಿ ಯೋಂಗ್‌ಕಿಂಡ್, ಲೆಪಿನ್ ಥರದ ಹಿರಿಯರ ನದಿ ಚಿತ್ರಗಳ ದಾರಿ ಕಾಣುತ್ತದೆ. ಹಿರಿಯ ಚಿತ್ರಕಾರ ಪಿಸಾರೊ ಜೊತೆ ಕೂತು ಕೆಲಸ ಮಾಡಿದ್ದು, 1879ರಿಂದ ಇಂಪ್ರೆಷನಿಸ್ಟರ, ಅಂದರೆ ಕಣ್ಣಿಗೆ ಬಿದ್ದ ಬೆಳಕನ್ನು ಹಾಗೇ ಹಿಡಿಯುತ್ತಿದ್ದ ಮೊನೆ, ಪಿಸಾರೊ ಥರದವರ ಗುಂಪಿನ, ಪ್ರದರ್ಶನಗಳಿಗೆ ಸೇರಿದ್ದು, ಆಮೇಲೆ. ಅದೇ 1879ರಲ್ಲಿ ಬರೆದ ಹಿಮದ ತೋಟದ ಚಿತ್ರವೊಂದು ಬುಡಾಪೆಸ್ಟಿನಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ನಾಲ್ಕು ವರ್ಷದಲ್ಲಿ ಕುಂಚ ಎಷ್ಟು ಬಿಡಿಬಿಡಿಯಾಗಿ ಓಡೋಕೆ ಕಲಿತಿದೆ ಅಂತ ಗೊತ್ತಾಗುತ್ತದೆ.

ಅಮ್ಮನ_ಮಗಳು

ಮೇಷ್ಟ್ರೇ, ಅಮ್ಮನಿಗೆ ಓದಿ ಹೇಳಿದೆ. “ಮೋಡದ ದಿನ ಬಟ್ಟೆ ಒಣಗಿಸಿದರೂ ಹಾಗೇ, ಎಷ್ಟು ಒಗೆದರೂ ಬೆಳ್ಳಗೆ ಕಾಣಲ್ಲ” ಅಂದರು. ಮಂಕು ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಓದುಗ_ಹುಬ್ಬಳ್ಳಿ

1874-75ರ ಚಳಿಗಾಲ ಇನ್ನೊಂದು ಕಾರಣಕ್ಕೂ ನೆನಪಿಡುವಂಥದ್ದು. ಆ ಒಂದೇ ಚಳಿಗಾಲದಲ್ಲಿ ಮೊನೆ ಪ್ಯಾರಿಸ್ ಪಕ್ಕದ ಅರ್ಜೆಂತಯ್‌ನಲ್ಲಿ 18 ಹಿಮದ ಚಿತ್ರ ಬರೆದ. ಆ ಮನುಷ್ಯನ ಹಟ ಮೊದಲಿಂದಲೂ ಹಾಗೇ. ಆನ್‌ಫ್ಲೂರ್ ಅನ್ನೋ ಬಂದರಿನ ಊರಿನಲ್ಲಿ ಅವನನ್ನು ಕಂಡ ಒಬ್ಬ ಪತ್ರಕರ್ತ 1868ರಲ್ಲಿ ಬರೆದಿದ್ದಾನೆ: ಕಲ್ಲು ಸೀಳುವಂಥ ಚಳಿ, ಮೊದಲು ಕಾಲು ಕಾಯಿಸೋ ಕೆಂಡದ ಪೆಟ್ಟಿಗೆ ಕಂಡಿತು, ಆಮೇಲೆ ಈಸಲ್, ಆಮೇಲೆ ಮೂರು ಓವರ್‌ಕೋಟು ಹೊದ್ದ ಮನುಷ್ಯ. ಕೈಗೆ ಗವಸು, ಅರ್ಧ ಮರಗಟ್ಟಿದ ಮುಖ. ಅಂಥಾ ಕಷ್ಟಪಟ್ಟು ಬರೆದ ಮ್ಯಾಗ್‌ಪೈಯನ್ನು 1869ರಲ್ಲಿ ಸಲೋನ್, ಅಂದರೆ ಪ್ಯಾರಿಸ್‌ನ ಅಧಿಕೃತ ಚಿತ್ರಪ್ರದರ್ಶನದವರು, ಬೇಡ ಅಂದು ವಾಪಸ್ ಕಳಿಸಿದರು.

ನೇರ_ಮಾತು

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಗೋಗ್ಯಾನ್ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡೋವಾಗ ಒಂದು ವಿಷಯ ಬಿಟ್ಟು ಹೋಗಬಾರದು. ಆ ಎಮಿಲ್ ಸೇರಿ ಐದು ಮಕ್ಕಳು. ಮೆಟ್ಟೆ ಡೆನ್ಮಾರ್ಕಿನಲ್ಲಿ ಫ್ರೆಂಚ್ ಪಾಠ ಹೇಳಿ, ಅನುವಾದ ಮಾಡಿ ಅವರನ್ನು ಸಾಕಿದಳು. ಇವನು 1891ರಲ್ಲಿ ತಹೀತಿಗೆ ಹೋದ. ಅಲ್ಲಿ ‘ಹೆಂಡತಿ’ ಅಂತ ಇಟ್ಟುಕೊಂಡ ತೆಹಾಮಾನಾಗೆ ಸುಮಾರು 13 ವರ್ಷ. ಅವನಿಗೆ 43. ನನ್ನ ಮಗಳಿಗೆ ಈಗ 13. ಆ ತಹೀತಿ ಚಿತ್ರಗಳ ಮುಂದೆ ನಾನು ನಿಲ್ಲಲಾರೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಆ ಹುಡುಗಿಯ ಮುಖವೇ ಕಾಣುತ್ತದೆ.

ದಡದ_ಮನೆ

ನೀವು ಹೇಳಿದ್ದು ಸರಿ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಈ ಹಿಮದ ಚಿತ್ರವನ್ನು ನೋಡೋವಾಗ ನನ್ನ ಮನಸ್ಸಿನಲ್ಲಿ ಮೆಟ್ಟೆಯೂ ಇರುತ್ತಾಳೆ. ಕೂಸನ್ನು ಎತ್ತಿಕೊಂಡು ಮನೆಯಲ್ಲಿ ಕಾಯುತ್ತಿದ್ದವಳು ಅವಳೇ ಅಲ್ವಾ.

ಲೆಕ್ಕದ_ಪುಸ್ತಕ

ನೇರ ಮಾತು ಅವರಿಗೆ: ನಾನು ಬ್ಯಾಂಕಿನವನು, ಅವನ ಭಾನುವಾರಗಳನ್ನು ಹೊಗಳಿದೆ. ಅವನ ಮುಂದಿನ ಬದುಕನ್ನು ಹೊಗಳಲಾರೆ. 1882ರಲ್ಲಿ ಶೇರುಪೇಟೆ ಕುಸಿಯಿತು, ಆಮೇಲೆ ಕೆಲಸ ಹೋಯಿತು, ಪೂರ್ತಿ ಚಿತ್ರವೇ ಸಾಕು ಅಂತ ನಿರ್ಧಾರ ಮಾಡಿದ. ಕೋಪನ್‌ಹೇಗನ್‌ನಲ್ಲಿ ಕೆಲಕಾಲ ಟಾರ್ಪಾಲ್ ಮಾರಾಟದ ಏಜೆಂಟ್ ಆಗಿದ್ದ, ಅದೂ ನಡೆಯಲಿಲ್ಲ. ಆ ನಿರ್ಧಾರದ ಬೆಲೆ ಕಟ್ಟಿದವರು ಮನೆಯವರು. ಮಗಳು ಅಲೀನ್ 1897ರಲ್ಲಿ 19ನೇ ವಯಸ್ಸಿಗೆ ನ್ಯುಮೋನಿಯಾದಿಂದ ತೀರಿಕೊಂಡಾಗ ಅಪ್ಪ ಭೂಮಿಯ ಆ ಕಡೆ ಇದ್ದ. ತಾಯಿಯ ಸಾವಿನ ಹಾಗೇ ಇದೂ ಕಾಗದದಲ್ಲೇ ತಲುಪಿತು.

ಓದುಗ_ಹುಬ್ಬಳ್ಳಿ

ಅವನ ಕೊನೆಯಲ್ಲೂ ಹಿಮ ಬರುತ್ತದೆ, ಅದನ್ನು ಹೇಳದೆ ಈ ಚರ್ಚೆ ಬಿಡಲಾರೆ.

1903ರ ಮೇ 8ರಂದು ಗೋಗ್ಯಾನ್ ಪೆಸಿಫಿಕ್ ಸಾಗರದ ಮಾರ್ಕೇಸಸ್ ದ್ವೀಪಗಳಲ್ಲಿ ಹೀವಾ ಓವಾ ಅನ್ನೋ ಕಡೆ ಸತ್ತ. ತೆಂಗು, ಬಾಳೆ, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಬೆಳೆಯೋ ನೆಲ. ಅವನ ಸಾಮಾನನ್ನು ತಹೀತಿಯ ಪಪೀಟೆಯಲ್ಲಿ ಹರಾಜು ಹಾಕಿದರು. ವಿಕ್ಟರ್ ಸೆಗಲೆನ್ ಅನ್ನೋ ನೌಕಾಪಡೆಯ ಯುವ ವೈದ್ಯ ಅಲ್ಲಿದ್ದ. ಹರಾಜಿನವನು ಒಂದು ಕ್ಯಾನ್ವಾಸನ್ನು ಎತ್ತಿ ಹಿಡಿದು ‘ನಯಾಗರಾ ಜಲಪಾತ’ ಅಂದ. ಹಿಡಿದದ್ದು ತಲೆಕೆಳಗಾಗಿ! ಸೆಗಲೆನ್ ಅದನ್ನು ಏಳು ಫ್ರಾಂಕಿಗೆ ಕೊಂಡ. ಸರಿಯಾಗಿ ತಿರುಗಿಸಿದರೆ ಅದು ‘ಹಿಮ ಬಿದ್ದ ಬ್ರಿಟನಿಯ ಹಳ್ಳಿ’ (ಬ್ರಿಟನಿ ಅಂದರೆ ಫ್ರಾನ್ಸಿನ ಪಶ್ಚಿಮದ ಪ್ರಾಂತ್ಯ). ಹುಲ್ಲಿನ ಚಾವಣಿಗಳ ಮೇಲೆ ದಪ್ಪ ಹಿಮ, ಹಿಂದೆ ಚರ್ಚಿನ ಚೂಪು ಗೋಪುರ.

ಸಾಯೋ ದಿನಗಳಲ್ಲಿ ಊರು ನೆನೆದು ಇದನ್ನು ಬರೆದ ಅಂತ ಬಹಳ ಕಾಲ ಹೇಳುತ್ತಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ಈಗ ಇದನ್ನು 1894ರ ಆಸುಪಾಸಿನದು ಅಂತ ಎಣಿಸುತ್ತಾರೆ. ಆ ವರ್ಷ ಅವನು ಬ್ರಿಟನಿಯಲ್ಲೇ ಇದ್ದ. ಕೊಂಕಾರ್ನೋ ಬಂದರಿನಲ್ಲಿ ನಾವಿಕರ ಜೊತೆ ಹೊಡೆದಾಟವಾಗಿ ಕಾಲು ಮುರಿದುಕೊಂಡ ವರ್ಷವೂ ಅದೇ. ನನಗೆ ಈ ನಿಜವೇ ಜಾಸ್ತಿ ಮನಸ್ಸಿಗೆ ತಟ್ಟುತ್ತದೆ. ಅಂದರೆ ಆ ಹಿಮದ ಚಿತ್ರ ಅವನ ಜೊತೆ ಸಮುದ್ರ ದಾಟಿತ್ತು. ಮಾರಿದವನಲ್ಲ, ಬಿಸಾಡಿದವನಲ್ಲ. ಅದೂ ಈಗ ಒರ್ಸೆಯಲ್ಲೇ ಇದೆ.

ಮಂಗಳೂರು_ಧಕ್ಕೆ

ಹೀಗೂ ಒಂದು ಇದೆ. ಅವನ ಬಾಲ್ಯ ಪೆರುವಿನ ಲಿಮಾದಲ್ಲಿ, ಆರೇಳು ವರ್ಷದ ತನಕ. ಹಿಮ ಬೀಳದ ಊರು. ನಮ್ಮ ಮಕ್ಕಳ ಹಾಗೇ ಆ ಮಗುವಿಗೂ ಹಿಮ ಬೇರೆ ಕಡೆಯ ವಸ್ತು. ಹಿಮದಲ್ಲೇ ಹುಟ್ಟಿದವರು ಅದನ್ನು ಕಸಬರಿಗೆಯಲ್ಲಿ ಗುಡಿಸುತ್ತಾರೆ. ಹೊರಗಿನಿಂದ ಬಂದವರು ನಿಂತು ನೋಡುತ್ತಾರೆ.

ದಡದ_ಮನೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಏನಾಯಿತು ಹೇಳಲೇಬೇಕು.

ಆರೂಮುಕ್ಕಾಲಿಗೆ ಕಿಟಕಿ ತೆಗೆದರೆ ಹಿಮ ಬೀಳುತ್ತಾ ಇದೆ. ಪ್ಯಾರಿಸ್‌ನಲ್ಲಿ ಇದು ಅಪರೂಪ, ಬಿದ್ದರೂ ಮಧ್ಯಾಹ್ನದ ಹೊತ್ತಿಗೆ ಕರಗಿ ಕೆಸರು. ಕಚೇರಿಗೆ ತಡವಾಗಿ ಬರ್ತೀನಿ ಅಂತ ಮೆಸೇಜ್ ಹಾಕಿ, ಗೋಡೆಯ ಪ್ರಿಂಟ್ ಕಿತ್ತು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ರೈಲು ಹಿಡಿದೆ.

ಇಯೆನಾ ಸೇತುವೆಯ ಕೆಳಗೆ ದಂಡೆಗೆ ಇಳಿದೆ. ಮೋಡ ಎಷ್ಟು ಕೆಳಗಿತ್ತು ಅಂದರೆ ಐಫೆಲ್ ಗೋಪುರದ ಮೇಲರ್ಧ ಇರಲೇ ಇಲ್ಲ. ಗಾಜಿನ ದೋಣಿಗಳು ಸಾಲಾಗಿ ನಿಂತಿದ್ದವು, ಚಾವಣಿಯ ಮೇಲೆ ಎರಡು ಬೆರಳು ಹಿಮ. ಒಬ್ಬ ಕೆಲಸದವರು ಹಲಗೆಯ ಮೇಲೆ ಉಪ್ಪು ಎರಚುತ್ತಿದ್ದರು. ನಾನು ಮೇಷ್ಟ್ರು ಹೇಳಿದ ಹಾಗೆ ಬಣ್ಣ ಎಣಿಸಿದೆ. ಹಿಮ, ನೀರು, ಕಲ್ಲಿನ ಕಟ್ಟೆ, ದೋಣಿಯ ಬದಿ, ಸೇತುವೆಯ ಕಮಾನಿನ ಒಳಗು, ದೂರದ ಮನೆಗಳು, ಆಕಾಶ. ಏಳು ಬೂದು. ಎಲ್ಲೂ ನೀಲಿ ಇಲ್ಲ. ಒಂದರ ಹಾಗೆ ಇನ್ನೊಂದಿಲ್ಲ. ಪ್ರಿಂಟ್ ಎದುರಿಗೆ ಹಿಡಿದು ನೋಡಿದೆ. ಫೈಲಿನ ಮೇಲೂ ಹಿಮ ಬಿತ್ತು, ಒರೆಸಿ ಮತ್ತೆ ನೋಡಿದೆ.

ಇಪ್ಪತ್ತು ನಿಮಿಷಕ್ಕೆ ಬೆರಳು ಮರಗಟ್ಟಿತು. ಇನ್ನೂ ನಿಲ್ಲೋಕೆ ಆಗಲಿಲ್ಲ. ಫೋಟೊ ಹಾಕಿದ್ದೇನೆ.

ಕುಂಚ_ಮೇಷ್ಟ್ರು

ಫೋಟೊ ನೋಡಿದೆ, ಮಗಳೇ. ಎಂಟನೇ ಬೂದು ಒಂದಿದೆ, ನೀವು ಬಿಟ್ಟಿದ್ದೀರಿ. ಉಪ್ಪು ಬಿದ್ದು ಹಿಮ ಕರಗುತ್ತಿರೋ ಆ ಹಲಗೆ. ಹಿಮವೂ ಅಲ್ಲ, ನೀರೂ ಅಲ್ಲ. ಸೋಮವಾರ ಇದನ್ನು ಪ್ರಿಂಟ್ ಮಾಡಿ ಹಳೇ ಶಾಲೆಯ ಎಂಟನೇ ತರಗತಿಗೆ ಒಯ್ಯುತ್ತೇನೆ, ಅನುಮತಿ ಕೊಡಿ.

ದಡದ_ಮನೆ

ಒಯ್ಯಿರಿ ಮೇಷ್ಟ್ರೇ. ಮಕ್ಕಳು ಒಂಬತ್ತನೆಯದು ಕಂಡುಹಿಡಿದರೆ ಇಲ್ಲಿ ಬರೆಯಿರಿ.